ಟಿವಿ ನೋಡಿ ಕುಣಿಯುವ ಮಗುವನ್ನು ಟಿವಿ ಶೋಗೆ ತಯಾರು ಮಾಡುವುದು ಹೇಗೆ

"ಮಿಸ್, ನಮ್ ಹುಡ್ಗಿ ಡ್ಯಾನ್ಸ್ ಗೇಮಲ್ಲಿ ಐದಕ್ಕೆ ಐದು ಸ್ಟಾರ್ ತಗತಾಳೆ. ಟಿವಿ ಶೋಗೆ ಕಳ್ಸಕಾಯ್ತದಾ?"

ಮಂಡ್ಯದ ಸುಭಾಷ್‌ನಗರದಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ನಾನು ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡಲು ಶುರುಮಾಡಿ 14 ವರ್ಷವಾಯಿತು. ಮೊದಲೆಲ್ಲ ಅಪ್ಪ ಅಮ್ಮಂದಿರು ಸ್ಕೂಲ್ ಡೇಗೆ ಒಂದು ಹಾಡು ರೆಡಿ ಮಾಡಿಕೊಡಿ ಎಂದು ಬರುತ್ತಿದ್ದರು. ಈಗ ಮೇಲಿನ ಪ್ರಶ್ನೆ ಹೊತ್ತು ಬರುತ್ತಾರೆ. ನನ್ನ ಉತ್ತರ ಒಂದೇ: ಕಳಿಸಬಹುದು. ಆದರೆ ಗೇಮ್ ಮಗುವಿಗೆ ಏನು ಕಲಿಸಿದೆ, ಏನು ಕಲಿಸದೇ ಬಿಟ್ಟಿದೆ ಎಂಬುದನ್ನು ಮೊದಲು ನೀವೇ ನೋಡಿಕೊಳ್ಳಬೇಕು. ಅದಕ್ಕೆ ನೀವು ಡ್ಯಾನ್ಸ್ ಕಲಿತಿರಬೇಕಿಲ್ಲ. ಎಂಟು ವಾರ ಸಮಯ, ದಿನಕ್ಕೆ ಮುಕ್ಕಾಲು ಗಂಟೆ, ಮನೆಯಲ್ಲಿ ಒಂದು ಚಾಪೆ ಹಾಸುವಷ್ಟು ಖಾಲಿ ಜಾಗ ಇದ್ದರೆ ಸಾಕು.

ಗೇಮ್‌ಗೆ ಕಾಣುವುದು ಒಂದು ಕೈ

ನಮ್ಮ ಕಡೆ ಮಕ್ಕಳು ಹೆಚ್ಚಾಗಿ ಆಡುವುದು ಜಸ್ಟ್ ಡ್ಯಾನ್ಸ್. ಯೂಬಿಸಾಫ್ಟ್ ಕಂಪನಿ 2009ರಲ್ಲಿ ನಿಂಟೆಂಡೊ ವೀ ಯಂತ್ರಕ್ಕೆಂದು ತಂದ ಆಟ ಇದು. ಆ ಯಂತ್ರದ ರಿಮೋಟಿನೊಳಗೆ ಚಲನೆ ಅಳೆಯುವ ಸೆನ್ಸರ್ ಇತ್ತು. ಈಗ ಅದೇ ಕೆಲಸವನ್ನು ಕೈಯಲ್ಲಿ ಹಿಡಿದ ಫೋನೂ ಮಾಡುತ್ತದೆ. ಅಂದರೆ ಗೇಮ್ ನಿಮ್ಮ ಮಗುವನ್ನು ನೋಡುತ್ತಿಲ್ಲ. ಫೋನು ಹಿಡಿದ ಬಲಗೈ ಯಾವ ಕಡೆಗೆ, ಎಷ್ಟು ರಭಸವಾಗಿ ಹೋಯಿತು ಎಂಬುದಷ್ಟೇ ಅದಕ್ಕೆ ಗೊತ್ತು. ನನ್ನ ಕ್ಲಾಸಿನ ಹುಡುಗನೊಬ್ಬ ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಲಗೈ ಒಂದನ್ನೇ ಆಡಿಸುತ್ತಾ ಸಾಲುಸಾಲಾಗಿ 'ಪರ್ಫೆಕ್ಟ್' ಬರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವನು ಮೋಸ ಮಾಡುತ್ತಿರಲಿಲ್ಲ. ಆಟ ಕೇಳಿದ್ದಷ್ಟನ್ನು ಕೊಡುತ್ತಿದ್ದ.

ಕೊನಾಮಿ ಕಂಪನಿ 1998ರಲ್ಲಿ ಜಪಾನಿನಲ್ಲಿ ಶುರುಮಾಡಿದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಇದಕ್ಕೆ ತದ್ವಿರುದ್ಧ. ನೆಲದ ಮೇಲೆ ನಾಲ್ಕು ಬಾಣದ ಗುರುತು, ಪರದೆಯ ಬಾಣ ಮೇಲೇರಿದಾಗ ಸರಿಯಾದ ಗುರುತನ್ನು ತುಳಿಯಬೇಕು. ಅಲ್ಲಿ ಕೈ ಲೆಕ್ಕಕ್ಕಿಲ್ಲ, ಕಾಲಿನದೇ ಕಾರುಬಾರು. ಮಾಲ್‌ಗಳ ಗೇಮ್ ಝೋನ್‌ನಲ್ಲಿ ಅಂಥ ಪ್ಯಾಡ್ ಕಂಡರೆ ನಾಲ್ಕು ಸಲ ಆಡಿಸಿ, ತಾಳಕ್ಕೆ ಪಾದ ಇಡುವುದು ಚೆನ್ನಾಗಿ ಬರುತ್ತದೆ. 2010ರಲ್ಲಿ ಬಂದ ಡ್ಯಾನ್ಸ್ ಸೆಂಟ್ರಲ್ ಎಂಬ ಆಟ ಕಿನೆಕ್ಟ್ ಎಂಬ ಕ್ಯಾಮೆರಾ ಇಟ್ಟುಕೊಂಡು ಇಡೀ ಮೈಯನ್ನೇ ಗಮನಿಸುತ್ತಿತ್ತು. ಆ ಕ್ಯಾಮೆರಾದ ತಯಾರಿಕೆ 2017ರಲ್ಲಿ ನಿಂತುಹೋಯಿತು. ಕಲಿಸುವವಳಾಗಿ ನನಗೆ ಅದರ ಬಗ್ಗೆ ಈಗಲೂ ಬೇಸರವಿದೆ.

ಇನ್ನು ಎಷ್ಟೋ ಮನೆಗಳಲ್ಲಿ ಗೇಮ್ ಇಲ್ಲ, ಯಾರೋ ಆಡಿ ಹಾಕಿದ ಗೇಮ್ ವಿಡಿಯೊವನ್ನು ಯೂಟ್ಯೂಬ್‌ನಲ್ಲಿ ಹಚ್ಚಿ ಮಕ್ಕಳು ಕುಣಿಯುತ್ತಾರೆ. ಅದರಿಂದ ನಷ್ಟವೇನಿಲ್ಲ. ಸ್ಕೋರು ಬರುವುದಿಲ್ಲ, ಅಷ್ಟೇ.

ಮೊದಲ ಎರಡು ವಾರ ಗೇಮನ್ನು ನಿಲ್ಲಿಸಬೇಡಿ, ಬೇರೆ ಥರ ಆಡಿಸಿ. ಒಂದು ಹಾಡನ್ನು ದಿನಕ್ಕೆ ಮೂರು ಸಲ ಹಾಕಿ. ಮೊದಲ ಸಲ ಮಗು ತನಗೆ ಬೇಕಾದಂತೆ, ಖುಷಿಯಾಗಿ ಕುಣಿಯಲಿ. ಎರಡನೇ ಸಲ ಫೋನು ಕೆಳಗಿಟ್ಟು, ಎರಡೂ ಕೈ ಸೊಂಟದ ಮೇಲೆ, ಬರೀ ಕಾಲು. ಪರದೆಯ ಕೆಳಗೆ ಬಲಗಡೆಯಿಂದ ಸರಿದು ಬರುವ ಪುಟ್ಟ ಗೊಂಬೆ ಚಿತ್ರಗಳಲ್ಲಿ ಕಾಲು ಹೇಗಿದೆ ಎಂದು ಹುಡುಕಲು ಹೇಳಿ. ಮೂರನೇ ಸಲ ಟಿವಿಗೆ ಬೆನ್ನು ಹಾಕಿ, ಹಾಡನ್ನು ಮಾತ್ರ ಕೇಳಿಸಿಕೊಂಡು. ಮೂರನೆಯದರಲ್ಲಿ ಎಷ್ಟು ಉಳಿಯಿತೋ ಅಷ್ಟೇ ಮಗು ನಿಜವಾಗಿ ಕಲಿತದ್ದು. ಮೊದಲ ದಿನ ಅರ್ಧ ನಿಮಿಷವೂ ಉಳಿಯದಿದ್ದರೆ ಗಾಬರಿ ಬೇಡ, ನನ್ನ ಕ್ಲಾಸಿನಲ್ಲಿ ಯಾರಿಗೂ ಉಳಿದಿಲ್ಲ.

ಎಡ ಬಲ

ಜಸ್ಟ್ ಡ್ಯಾನ್ಸ್‌ನ ಪರದೆಯ ಮೇಲಿನ ಡ್ಯಾನ್ಸರನ್ನು ಒಮ್ಮೆ ಸರಿಯಾಗಿ ಗಮನಿಸಿ. ಒಂದು ಕೈಗೆ ಎದ್ದು ಕಾಣುವ ಬಣ್ಣದ ಗ್ಲೌಸ್ ಇರುತ್ತದೆ. ಅದು ಅವರ ಎಡಗೈ. ನಮಗೆ ಎದುರಾಗಿ ನಿಂತಿರುವುದರಿಂದ ಅವರ ಎಡಗೈ ನಮ್ಮ ಬಲಗೈ ಕಡೆಗೇ ಬರುತ್ತದೆ, ಮಗು ಯೋಚನೆ ಮಾಡದೆ ತನ್ನ ಬಲಗೈ ಎತ್ತುತ್ತದೆ. ಕನ್ನಡಿ ನೋಡಿ ಕುಣಿದಂತೆಯೇ. ಕಲಿಯುವುದಕ್ಕೆ ಇದು ಸುಲಭ ದಾರಿ, ಆದರೆ ಮಗುವಿಗೆ 'ಬಲ' ಎಂದರೆ ತನ್ನ ಮೈಯೊಳಗಿನ ಬಲವಾಗದೆ 'ಆ ಕಿಟಕಿ ಕಡೆ' ಎಂದಾಗಿಬಿಡುತ್ತದೆ.

ಇದನ್ನು ನಾನು ತಿಳಿದದ್ದು ಒಂದು ಮಗುವಿನ ನೋವಿನಿಂದ. ಒಂಬತ್ತು ವರ್ಷದ ಹುಡುಗಿ. ಮನೆಯಲ್ಲಿ ಟಿವಿ ಮುಂದೆ, ಕ್ಲಾಸಿನಲ್ಲಿ ಗೋಡೆಯಗಲದ ಕನ್ನಡಿ ಮುಂದೆ ಎರಡು ತಿಂಗಳು ಅಭ್ಯಾಸ ಮಾಡಿಸಿದ್ದೆ. ಬೆಂಗಳೂರಿನ ಒಂದು ಆಡಿಷನ್‌ಗೆ ನಾನೇ ಕರೆದುಕೊಂಡು ಹೋದೆ. ಕೋಣೆಯಲ್ಲಿ ಒಂದು ಮೇಜು, ಅದರ ಹಿಂದೆ ಮೂವರು, ಅವರ ಹಿಂದೆ ಬಿಳಿ ಗೋಡೆ. ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆ. ಮೊದಲ ಇಪ್ಪತ್ತು ಸೆಕೆಂಡು ಮುತ್ತಿನಂತೆ ಕುಣಿದಳು. ಆಮೇಲೆ ಒಂದು ಸುತ್ತು ಇತ್ತು. ಸುತ್ತಿ ನಿಂತಾಗ ಅವಳ ಮುಖ ಪಕ್ಕದ ಗೋಡೆ ಕಡೆಗಿತ್ತು. ಬಲಗೈ ಎತ್ತಿದಳು, ಇಳಿಸಿದಳು, ಎಡಗೈ ಎತ್ತಿದಳು. ಕಣ್ಣು ಯಾರನ್ನೋ ಹುಡುಕುತ್ತಿತ್ತು. ಹಾಡು ಮುಂದೆ ಹೋಯಿತು, ಅವಳು ನಿಂತುಬಿಟ್ಟಳು. ಅಲ್ಲಿ ಅಳಲಿಲ್ಲ. ವಾಪಸ್ ಬರುವ ಬಸ್ಸು ರಾಮನಗರ ದಾಟುವಾಗ ನನ್ನ ಸೆರಗು ಹಿಡಿದು ಕೇಳಿದಳು: "ಮಿಸ್, ಅಲ್ಲಿ ನಮ್ಮೆದುರಿಗೆ ಯಾಕೆ ಏನೂ ಇರ್ಲಿಲ್ಲ?"

ತಪ್ಪು ನನ್ನದು. ಮರುದಿನವೇ ಹಳೇ ಬೆಡ್‌ಶೀಟ್ ಎರಡನ್ನು ಜೋಡಿಸಿ ಹೊಲಿದು ಕನ್ನಡಿಗೆ ಪರದೆ ಹಾಕಿದೆ. ಈಗ ವಾರಕ್ಕೆ ಒಂದೇ ದಿನ ಅದನ್ನು ಸರಿಸುತ್ತೇನೆ, ಗೆರೆ ಸರಿಯಾಗಿದೆಯೇ ಎಂದು ಮಕ್ಕಳು ನೋಡಿಕೊಳ್ಳಲಿ ಎಂದು ಮಾತ್ರ.

ನೀವು ಮಾಡಬೇಕಾದ್ದು ಇಷ್ಟು. ಮಗುವಿನ ಬಲ ಮಣಿಕಟ್ಟಿಗೆ ಒಂದು ದಾರ ಕಟ್ಟಿ. ಹಾಡಿನ ಮೊದಲ ನಾಲ್ಕು ಎಣಿಕೆಯ ಸಾಲುಗಳನ್ನು, ಅಂದರೆ ಒಂದರಿಂದ ಎಂಟು ಎಣಿಸುವುದನ್ನು ನಾಲ್ಕು ಸಲ, ಮನೆಯ ಬಾಗಿಲಿನ ಕಡೆ ಮುಖ ಮಾಡಿ ಕುಣಿಯಲಿ. ಅದನ್ನೇ ಕಿಟಕಿ ಕಡೆಗೆ, ಅಡುಗೆಮನೆ ಕಡೆಗೆ, ಕೊನೆಗೆ ಖಾಲಿ ಗೋಡೆ ಕಡೆಗೆ. ಪ್ರತಿ ಸಲ ಕುಣಿತ ಶುರುವಾಗುವ ಮುಂಚೆ ಎದುರಿಗೆ ಕಣ್ಣಿನ ಎತ್ತರಕ್ಕಿಂತ ಕೊಂಚ ಮೇಲೆ ಒಂದು ಗುರುತು ಹಿಡಿದುಕೊಳ್ಳಲು ಹೇಳಿ: ಗಡಿಯಾರ, ಸ್ವಿಚ್ ಬೋರ್ಡ್, ಗೋಡೆಯ ಮೊಳೆ, ಏನಾದರೂ ಸರಿ. ಸುತ್ತು ಬಂದಾಗ ಕತ್ತು ಮೊದಲು ತಿರುಗಿ ಆ ಗುರುತನ್ನು ಹುಡುಕಬೇಕು, ಮೈ ಹಿಂದೆ ಬರಬೇಕು. ಹತ್ತು ದಿನವಾದ ಮೇಲೆ ದಾರ ಬಿಚ್ಚಿ. ಆಮೇಲೆ ಮನೆಯಿಂದ ಹೊರಗೆ ಕರೆದೊಯ್ಯಿರಿ. ತಾರಸಿ, ಪಾರ್ಕು, ಅಜ್ಜಿ ಮನೆಯ ಅಂಗಳ. ಹೊಸ ಜಾಗದಲ್ಲಿ ತಪ್ಪದೆ ಕುಣಿದ ದಿನ ಈ ಪಾಠ ಮುಗಿಯಿತು.

ಸಿಂಬೆ

ನಮ್ಮಪ್ಪ ಮದ್ದೂರು ಕಡೆಯ ಹಳ್ಳಿಯಲ್ಲಿ ಪೂಜಾ ಕುಣಿತದವರು. ಬಿದಿರಿನ ದೊಡ್ಡ ಚೌಕಟ್ಟಿಗೆ ಸೀರೆ, ಹೂವು ಕಟ್ಟಿ, ನಡುವೆ ಅಮ್ಮನನ್ನು ಕೂರಿಸಿ, ಅದನ್ನು ತಲೆ ಮೇಲೆ ಹೊತ್ತು ತಮಟೆಗೆ ಕುಣಿಯುವುದು. ಕೈ ಬಿಟ್ಟು ಕುಣಿಯುವಾಗ ಪೂಜೆ, ಅಂದರೆ ಆ ಚೌಕಟ್ಟು, ಅಲುಗದಂತೆ ನಿಲ್ಲಬೇಕಾದರೆ ಎಲ್ಲ ಲೆಕ್ಕವೂ ಪಾದ, ಮಂಡಿ, ಸೊಂಟದಲ್ಲಿ ಆಗಬೇಕು. ಚಿಕ್ಕವಳಿದ್ದಾಗ ನನಗೆ ಹೇಳುತ್ತಿದ್ದರು: "ತಲೆ ಮ್ಯಾಲೆ ಕುಂತಿರೋ ತಾಯಿ ನಿನ್ ಕಾಲ್ನ ನಂಬ್ಕಂಡವ್ಳೆ ಕಣವ್ವ." ಬಲಗೈಯನ್ನೇ ನೋಡುವ ಗೇಮಿನಿಂದ ಬಂದ ಮಗುವಿಗೆ ಇದಕ್ಕಿಂತ ಒಳ್ಳೆ ಔಷಧಿ ನನಗೆ ಸಿಕ್ಕಿಲ್ಲ.

ಮೊದಲು ಒಂದು ಸಿಂಬೆ ಮಾಡಿ, ಅಂದರೆ ಹೊರೆ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಹಳೇ ಕಾಟನ್ ಸೀರೆಯಿಂದ ಒಂದು ಗೇಣು ಅಗಲ, ಎರಡು ಮೊಳ ಉದ್ದದ ಪಟ್ಟಿ ಹರಿದುಕೊಳ್ಳಿ. ಸಿಂಥೆಟಿಕ್ ಬೇಡ, ಕೂದಲ ಮೇಲೆ ಜಾರುತ್ತದೆ. ಪಟ್ಟಿಯ ಒಂದು ತುದಿಯನ್ನು ಯಾರಾದರೂ ಹಿಡಿಯಲಿ, ನೀವು ಇನ್ನೊಂದು ತುದಿ ಹಿಡಿದು ಹಗ್ಗದಂತೆ ಬಿಗಿಯಾಗಿ ಹುರಿಮಾಡಿ. ನಾಲ್ಕು ಬೆರಳಿಗೆ ಸುತ್ತಿ ಬಳೆಯಂತೆ ಮಾಡಿ, ಉಳಿದದ್ದನ್ನು ಆ ಬಳೆಯ ಒಳಗೆ ಹೊರಗೆ ಹೊಸೆದು ತುದಿಯನ್ನು ಒಳಕ್ಕೆ ಸಿಕ್ಕಿಸಿ. ಸಿಂಬೆ ನೆತ್ತಿಯ ಮೇಲೆ ಕೂರಬೇಕು, ಹಣೆ ಕಡೆಗೆ ಬರಬಾರದು. ಅದರ ಮೇಲೆ ಪ್ಲಾಸ್ಟಿಕ್ ಲೋಟ, ಲೋಟದಲ್ಲಿ ಅರ್ಧದಷ್ಟು ಅವರೆಕಾಳು. ನೀರು ಬೇಡ, ನೆಲಕ್ಕೆ ಚೆಲ್ಲಿದರೆ ಮಗು ಜಾರುತ್ತದೆ. ಸ್ಟೀಲೂ ಬೇಡ.

ಮೊದಲ ಮೂರು ದಿನ ಬರೀ ನಡಿಗೆ, ಎಂಟು ಎಣಿಕೆಗೆ ಎಂಟು ಹೆಜ್ಜೆ. ಹಿಮ್ಮಡಿ ಮೊದಲು ಊರುವ ಮಗುವಿನ ಲೋಟ ಪ್ರತಿ ಹೆಜ್ಜೆಗೂ ಕುಲುಕುತ್ತದೆ. ಪಾದವನ್ನು ಮೆತ್ತಗೆ ಉರುಳಿಸಿ ಇಟ್ಟರೆ ಕಾಳಿನ ಸದ್ದು ಇರುವುದಿಲ್ಲ. ಆ ಸದ್ದನ್ನು ಮಗುವೇ ಕೇಳಿಸಿಕೊಂಡು ತಿದ್ದಿಕೊಳ್ಳಲಿ, ನೀವು ಬಾಯಿ ಹಾಕಬೇಡಿ. ನಾಲ್ಕನೇ ದಿನದಿಂದ ಮಂಡಿ ಮಡಚಿ ಅದೇ ನಡಿಗೆ, ಆಮೇಲೆ ಪಕ್ಕದ ಹೆಜ್ಜೆ, ಆಮೇಲೆ ನಿಧಾನದ ಸುತ್ತು. ಸಿಂಬೆ ಹೊತ್ತಾಗ ಜಿಗಿತ ಬೇಡವೇ ಬೇಡ. ಎರಡು ವಾರಕ್ಕೆ ಕತ್ತು ನೀಳವಾಗುತ್ತದೆ, ಭುಜ ಕೆಳಗಿಳಿಯುತ್ತದೆ. ಗೇಮಿನ ಹಾಡಿಗೇ ಕುಣಿದರೂ ಅದೇ ಮಗುವಾ ಇದು ಎನ್ನಿಸುವಷ್ಟು ಬೇರೆ ಕಾಣುತ್ತದೆ.

ಮೊಸಾಯಿಕ್, ಟೈಲ್ಸ್ ನೆಲದಲ್ಲಿ ದಿನಾ ಜಿಗಿಸುವುದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬೆಳೆಯುವ ಮಕ್ಕಳ ಮೂಳೆಯ ತುದಿಗಳು ಇನ್ನೂ ಮೆದು. ಟಿವಿಯಲ್ಲಿ ಚಪ್ಪಾಳೆ ಗಿಟ್ಟಿಸುವ ಪಲ್ಟಿ, ಮಂಡಿಯೂರಿ ಧೊಪ್ಪನೆ ಬೀಳುವುದು, ತಲೆ ಮೇಲೆ ತಿರುಗುವುದು ಇವನ್ನೆಲ್ಲ ಮ್ಯಾಟ್ ಮತ್ತು ಜಿಮ್ನಾಸ್ಟಿಕ್ ಗೊತ್ತಿರುವ ಕೋಚ್ ಇಲ್ಲದೆ ಮಾಡಿಸಬೇಡಿ. ಮಂಡಿ ನೋವು ಎಂದ ಮಗುವನ್ನು ಆ ದಿನ ಕುಣಿಸಬೇಡಿ. ಎರಡು ದಿನಕ್ಕೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಎಣ್ಣೆ ಹಚ್ಚಿ ಸುಮ್ಮನಾಗಬೇಡಿ.

ಇಮೋಟ್ ಪೋಣಿಸುವುದು

ಹುಡುಗರು ಡ್ಯಾನ್ಸ್ ಗೇಮ್ ಆಡುವುದು ಕಡಿಮೆ. ಅವರಿಗೆ ಕುಣಿತ ಬರುವುದು ಶೂಟಿಂಗ್ ಗೇಮಿನಿಂದ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಒಂದು ಬಟನ್ ಒತ್ತಿದರೆ ಪಾತ್ರ ಕುಣಿಯುತ್ತದಲ್ಲ, ಅದೇ ಇಮೋಟ್. ಕೆಲವೇ ಸೆಕೆಂಡಿನ ತುಣುಕು. ಅಪ್ಪಂದಿರು ಇದನ್ನು ಕಂಡರೆ ಸಿಡುಕುತ್ತಾರೆ, ನನಗೆ ಮಾತ್ರ ಬಲು ಇಷ್ಟ. ಐದಾರು ಇಮೋಟ್ ಗೊತ್ತಿರುವ ಹುಡುಗನ ಕೈಯಲ್ಲಿ ಐದಾರು ಬಿಡಿ ಹೂವಿದ್ದಂತೆ. ಪೋಣಿಸುವುದನ್ನು ಕಲಿಸಿದರಾಯಿತು.

ಒಂದೊಂದು ಇಮೋಟನ್ನೂ ಎಂಟು ಎಣಿಕೆಗೆ ಕೂರಿಸಿ. ಎರಡರ ನಡುವೆ ನಾಲ್ಕು ಎಣಿಕೆಯ ನಡಿಗೆ ಇಡಿ. ಒಂದು ಇಮೋಟ್ ಎಲ್ಲಿ ಮುಗಿಯುತ್ತದೋ, ಆಗ ಮೈಭಾರ ಯಾವ ಕಾಲಿನ ಮೇಲಿದೆಯೋ ನೋಡಿ. ಮುಂದಿನದು ಇನ್ನೊಂದು ಕಾಲಿನಿಂದ ಶುರುವಾಗಬೇಕು. ಗೇಮಿನೊಳಗೆ ಪಾತ್ರ ಪ್ರತಿ ಸಲವೂ ಮೊದಲಿನ ನಿಲುವಿಗೇ ಮರಳುತ್ತದೆ, ಹಾಗಾಗಿ ಹುಡುಗರಿಗೆ ಈ ಜೋಡಣೆ ಹೊಸದು. ಎಲ್ಲ ಸಮಯ ಇಲ್ಲೇ ಹಿಡಿಯುವುದು, ಹಿಡಿಯಲಿ.

ಹೆಜ್ಜೆ ಯಾರದು ಎಂದೂ ಹೇಳಿಕೊಡಿ. ಸೊಂಟದ ಹಿಂದೆ ಮುಂದೆ ಕೈ ಬೀಸುವ ಫ್ಲಾಸ್ ಎಲ್ಲರಿಗೂ ಗೊತ್ತು. ಅದು ಫೋರ್ಟ್‌ನೈಟ್ ಗೇಮಿನದೆಂದು ಮಕ್ಕಳು ತಿಳಿದಿದ್ದಾರೆ. ಅದಕ್ಕೂ ಮುಂಚೆ, 2017ರಲ್ಲಿ, ಬೆನ್ನಿಗೆ ಸ್ಕೂಲ್ ಬ್ಯಾಗ್ ಹಾಕಿಕೊಂಡ ಅಮೆರಿಕದ ಹುಡುಗನೊಬ್ಬ ಟಿವಿಯಲ್ಲಿ ಕುಣಿದು ಅದನ್ನು ಹೆಸರುವಾಸಿ ಮಾಡಿದ್ದ. ಇಂಥ ಹೆಜ್ಜೆಗಳ ಹಕ್ಕು ಯಾರದೆಂದು ಅಲ್ಲಿ ಕೋರ್ಟಿಗೂ ಹೋದರು. ನಮ್ಮ ಬೀಸು ಕಂಸಾಳೆಯ ಒಂದು ತಿರುವನ್ನು ಹಾಡಿನ ಮಧ್ಯೆ ಸೇರಿಸಿದರೆ, ಜಡ್ಜ್ ಕೇಳಿದಾಗ "ಇದು ಮಾದಪ್ಪನ ಒಕ್ಕಲಿನವರ ಕುಣಿತ" ಎಂದು ಮಗು ಹೇಳುವಂತಿರಬೇಕು.

ಹಾಡು, ತೊಂಬತ್ತು ಸೆಕೆಂಡು

ನಾನು ಮಕ್ಕಳನ್ನು ಕರೆದುಕೊಂಡು ಹೋದ ಆಡಿಷನ್‌ಗಳಲ್ಲಿ 60ರಿಂದ 90 ಸೆಕೆಂಡು ಕೊಟ್ಟಿದ್ದಾರೆ. 90ಕ್ಕೆ ಕಟ್ಟಿ, ಆದರೆ 45ನೇ ಸೆಕೆಂಡಿಗೆ ನಿಲ್ಲಿಸಿದರೂ ಮಗುವಿನ ಚೆಂದದ ಹೆಜ್ಜೆ ಆಗಲೇ ಬಂದುಹೋಗಿರುವ ಹಾಗೆ ಕಟ್ಟಿ.

ಹಾಡು ಆರಿಸುವಾಗ ಒಂದು ಕೆಲಸ ಮಾಡಿ. ಸಾಹಿತ್ಯವನ್ನು ಹಾಳೆಯ ಮೇಲೆ ಬರೆದು, ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರೆದುರು ಗಟ್ಟಿಯಾಗಿ ಓದಿ. ಓದಲು ನಿಮಗೆ ನಾಚಿಕೆಯಾದರೆ ಆ ಹಾಡು ಎಂಟು ವರ್ಷದ ಮಗುವಿನ ಮೈಮೇಲೆ ಹಾಕುವಂಥದ್ದಲ್ಲ. ದೊಡ್ಡವರ ಸಿನಿಮಾ ಹಾಡಿನ ಸೊಂಟದ ಚಲನೆಯನ್ನು ಪುಟ್ಟ ಮಕ್ಕಳಿಂದ ಮಾಡಿಸುವುದು ನನಗೆ ಸಹಿಸಲಾಗದ ವಿಷಯ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲಿ, ಡ್ಯಾನ್ಸ್ ರಿಯಾಲಿಟಿ ಶೋಗಳಲ್ಲಿ ಮಕ್ಕಳನ್ನು ಅಸಭ್ಯವಾಗಿ ತೋರಿಸಬಾರದೆಂದು ಖಾಸಗಿ ಚಾನೆಲ್‌ಗಳಿಗೆ ಸೂಚನೆಯನ್ನೇ ಹೊರಡಿಸಿತು. ಯಾರಾದರೂ "ಇಂಥ ಸ್ಟೆಪ್ ಹಾಕ್ಸಿ, ಕ್ಲಿಕ್ ಆಗುತ್ತೆ" ಎಂದರೆ ಈ ಸೂಚನೆಯ ಮಾತೆತ್ತಿ.

ಹಾಡನ್ನು ಕತ್ತರಿಸುವಾಗ ಎಂಟರ ಎಣಿಕೆ ಮುಗಿದ ಜಾಗದಲ್ಲಿ ಕತ್ತರಿಸಿ. ಪೆನ್‌ಡ್ರೈವ್‌ನಲ್ಲಿ ಒಂದು, ಫೋನಿನಲ್ಲಿ ಒಂದು ಇರಲಿ. ವಾಟ್ಸಾಪ್‌ನಲ್ಲಿ ಮಾತ್ರ ಇಟ್ಟುಕೊಂಡು ಹೋದವರು ಅಲ್ಲಿ ನೆಟ್‌ವರ್ಕ್ ಸಿಗದೆ ಪೇಚಾಡಿದ್ದನ್ನು ನೋಡಿದ್ದೇನೆ.

ವಿಡಿಯೊ ಕೇಳಿದರೆ ಫೋನನ್ನು ಅಡ್ಡಲಾಗಿ, ಮಗುವಿನ ಸೊಂಟದ ಎತ್ತರಕ್ಕೆ, ಅಕ್ಕಿ ಡಬ್ಬಕ್ಕೋ ಪುಸ್ತಕದ ರಾಶಿಗೋ ಒರಗಿಸಿ ಇಡಿ. ಪಾದ ಕಾಣಲೇಬೇಕು. ಬೆಳಕು ಮಗುವಿನ ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದಿರಬಾರದು. ಎಫೆಕ್ಟ್, ಸ್ಲೋ ಮೋಷನ್ ಯಾವುದೂ ಬೇಡ. ಬಟ್ಟೆ ಸರಳವಾಗಿರಲಿ, ಮಂಡಿಯ ಗೆರೆ ಕಂಡರೆ ಸಾಕು.

ಹೊರಡುವ ಮುಂಚೆ ನೀವು ತಿಳಿದಿರಬೇಕಾದ್ದು

ಆಡಿಷನ್‌ಗೆ, ಸೆಲೆಕ್ಷನ್‌ಗೆ, ಕಾಸ್ಟ್ಯೂಮ್ ಠೇವಣಿಗೆ ಎಂದು ಫೋನಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ನಮ್ಮ ಕ್ಲಾಸಿನ ತಾಯಿಯೊಬ್ಬರು ಏಜೆಂಟ್ ಎಂದು ಹೇಳಿಕೊಂಡವನಿಗೆ ಐದು ಸಾವಿರ ಕಳಿಸಿದರು, ಆಮೇಲೆ ಆ ನಂಬರ್ ಎತ್ತಲೇ ಇಲ್ಲ. ಚಾನೆಲ್‌ನಲ್ಲೇ ಬರುವ ಪ್ರಕಟಣೆ ನೋಡಿ, ಅಲ್ಲಿ ಕೊಟ್ಟ ದಾರಿಯಲ್ಲೇ ಅರ್ಜಿ ಹಾಕಿ.

ಮಗು ಆಯ್ಕೆಯಾದರೆ ಸಂಭ್ರಮದ ನಡುವೆ ಕಾನೂನು ಮರೆಯಬೇಡಿ. 14 ತುಂಬದ ಮಕ್ಕಳು ಕಲಾವಿದರಾಗಿ ದುಡಿಯಲು 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಅವಕಾಶ ಕೊಟ್ಟಿದೆ. 2017ರ ನಿಯಮಗಳು ಅದಕ್ಕೆ ಷರತ್ತು ಹಾಕಿವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿಯನ್ನು ನಿರ್ಮಾಪಕರು ಪಡೆದಿರಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿ ಇರಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮಗುವಿಗೆ ಮನಸ್ಸಿಲ್ಲದಿದ್ದರೆ ಮಾಡಿಸುವಂತಿಲ್ಲ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸಹಿ ಹಾಕುವ ಮುಂಚೆ ಒಂದೊಂದಾಗಿ ಕೇಳಿ. ಕೇಳಿದ್ದಕ್ಕೆ ಬೇಸರ ಪಡುವವರ ಜೊತೆ ಮಗುವನ್ನು ಬಿಡಲು ನನಗಂತೂ ಧೈರ್ಯವಿಲ್ಲ.

ಆಡಿಷನ್ ದಿನ ಬೆಳಗಿನ ಜಾವದ ಬಸ್ಸು ಹಿಡಿಯುವವರು ಇಡ್ಲಿ, ಬಾಳೆಹಣ್ಣು, ಬೆಲ್ಲದ ಪಾನಕ ಕಟ್ಟಿಕೊಳ್ಳಿ. ಸಾಲಿನಲ್ಲಿ ಆರು ಗಂಟೆ ಕಾದದ್ದೂ ಉಂಟು, ಹಾಗಾಗಿ ಮೇಕಪ್ ಅನ್ನು ಹೆಸರು ಕೂಗುವ ಹೊತ್ತಿಗೆ ಹಚ್ಚಿ. ಕಾಯುವಾಗ ಕೈಗೆ ಫೋನು ಕೊಡಬೇಡಿ, ಮೂಲೆಯಲ್ಲಿ ಸಿಂಬೆ ಕೊಟ್ಟು ನಡೆಸಿ. ಒಳಗೆ ಹೋದೊಡನೆ ಗೋಡೆಯ ಮೇಲೊಂದು ಗುರುತು ಹಿಡಿಯಲು ನೆನಪಿಸಿ. ಬೇರೆ ಬುದ್ಧಿಮಾತು ಅಲ್ಲಿ ಬೇಡ.

ವಾಪಸ್ ಬರುವಾಗ ಫಲಿತಾಂಶದ ಮಾತು ಎತ್ತಬೇಡಿ, ಮಲಗಲು ತೊಡೆ ಕೊಡಿ. ಎಷ್ಟೋ ಸಲ ಕರೆ ಬರುವುದೇ ಇಲ್ಲ. ಆಗ ಅದೇ ತೊಂಬತ್ತು ಸೆಕೆಂಡನ್ನು ಶಾಲೆಯ ಪ್ರತಿಭಾ ಕಾರಂಜಿಗೆ, ಊರ ಗಣಪತಿ ಪೆಂಡಾಲಿಗೆ ಇಟ್ಟುಕೊಳ್ಳಿ. ದಸರಾಕ್ಕೆ ಮುಂಚೆ ಮೈಸೂರಿನ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ಒಂದು ಸಂಜೆ ಮಗುವನ್ನು ಕರೆದುಕೊಂಡು ಹೋಗಿ, ಕಾಲೇಜು ಹುಡುಗ ಹುಡುಗಿಯರು ಸಾವಿರಾರು ಜನರೆದುರು ಹೇಗೆ ಕುಣಿಯುತ್ತಾರೆ ನೋಡಲಿ.

ರಾಮನಗರದ ಹತ್ತಿರ ಆ ಪ್ರಶ್ನೆ ಕೇಳಿದ್ದ ಹುಡುಗಿ ಈಗ ಎಂಟನೇ ಕ್ಲಾಸು. ಕಳೆದ ವರ್ಷ ನಾನೂ ಅವಳೂ ಯುವ ಸಂಭ್ರಮಕ್ಕೆ ಹೋಗಿದ್ದೆವು. ಒಂದು ತಂಡ ಕುಣಿಯುವಾಗ ನಡುವೆ ಹಾಡು ನಿಂತುಹೋಯಿತು. ಕುಣಿಯುತ್ತಿದ್ದವರು ನಿಲ್ಲಲಿಲ್ಲ, ಬಾಯಲ್ಲೇ ಎಣಿಸುತ್ತಾ ಮುಂದುವರಿಸಿದರು. ನನ್ನ ಪಕ್ಕದಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಇವಳೂ ಮೆಲ್ಲಗೆ ಎಣಿಸುತ್ತಿದ್ದಳು, ಐದು, ಆರು, ಏಳು, ಎಂಟು.